ಮೂರು ಗಂಟೆಯ ರೀಡಿಂಗ್

ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಚಿಪ್ಪಿಗುಡ್ಡದ ವಿದ್ಯುತ್ ಕೇಂದ್ರದ ನೋಟಿಸ್ ಬೋರ್ಡಿನಲ್ಲಿ ಒಂದು ಪಟ್ಟಿ ಕಾಣಿಸಿಕೊಂಡಿತು. ಕೇಂದ್ರ ಶುರುವಾದಂದಿನಿಂದ ಇಪ್ಪತ್ತಾರು ವರ್ಷಗಳಲ್ಲಿ ಅಲ್ಲಿ ದುಡಿದ ಆಪರೇಟರುಗಳ ಹೆಸರು ಎಡಕ್ಕೆ, ಅವರು ಬರೆದಿಟ್ಟ ರೀಡಿಂಗುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಅಂಕ ಬಲಕ್ಕೆ. ನೂರಕ್ಕೆ ತೊಂಬತ್ತೆಂಟು ಪಡೆದು ಎಲ್ಲರಿಗಿಂತ ಮೇಲೆ ಕೂತವಳು ನೇತ್ರಾವತಿ ಹರಿಕಂತ್ರ. ಐವತ್ತೊಂದು ಪಡೆದು ಪಟ್ಟಿಯ ಬುಡಕ್ಕೆ ಬಿದ್ದವನು ಇನಾಸ್ ಫರ್ನಾಂಡಿಸ್.

ಹೀಗೆ ಮನುಷ್ಯರಿಗೆ ಅಂಕ ಹಾಕಿದ್ದು ಮನುಷ್ಯರಲ್ಲ, ದೊಡ್ಡಪ್ಪ. ದೊಡ್ಡಪ್ಪ ಎಂದರೆ ಕಂಟ್ರೋಲ್ ರೂಮಿನ ಮೂಲೆಯಲ್ಲಿ ಕಪಾಟಿನಷ್ಟು ಎತ್ತರಕ್ಕೆ ನಿಂತ ಯಂತ್ರ. ಕಾಗದದ ಮೇಲೆ ಅದಕ್ಕೆ ಮಾರುದ್ದದ ಹೆಸರಿತ್ತು, ಯಾರೂ ಪೂರ್ತಿ ಹೇಳಿದ್ದಿಲ್ಲ. ಮನೆಯ ಹಳೆಯ ಸಂಗತಿಗಳನ್ನೆಲ್ಲ ನೆನಪಿಟ್ಟುಕೊಂಡು, ಕೇಳದಿದ್ದರೂ ಹೇಳಿ, ಹೇಳಿದ್ದನ್ನು ಮಾಡಿಸಿಯೇ ತೀರುವವನು ದೊಡ್ಡಪ್ಪನಲ್ಲದೆ ಮತ್ಯಾರು ಎಂದು ಕೆಲಸಗಾರರು ಆ ಹೆಸರಿಟ್ಟರು. ಒಂದು ಕೇಂದ್ರದ ಹಳೆಯ ಲಾಗ್ ಬುಕ್ಕುಗಳನ್ನೆಲ್ಲ ಓದಿ ಅರಗಿಸಿಕೊಂಡು, ಆ ಅನುಭವದ ಮೇಲೇ ಕೇಂದ್ರವನ್ನು ನಡೆಸುವ ಯಂತ್ರವೊಂದಿದ್ದರೆ ಹೇಗೆ ಎಂದು ದಡದ ಮೇಲಿನ ಜಾಣರು ಯೋಚಿಸಿದರು, ಯೋಚಿಸಿದ ಹಾಗೆ ಮಾಡಿಯೂ ಬಿಟ್ಟರು. ಲಾಗ್ ಬುಕ್ಕಿನಲ್ಲಿ ಬರೆದದ್ದೆಲ್ಲ ನೋಡಿಯೇ ಬರೆದದ್ದೇನು ಎಂದು ಕೇಳುವುದೊಂದನ್ನು ಮರೆತರು.

ಚಿಪ್ಪಿಗುಡ್ಡ ದಡದಿಂದ ಲಾಂಚಿನಲ್ಲಿ ಎರಡು ತಾಸು ದೂರದ ದ್ವೀಪ. ಹನ್ನೊಂದು ಸಾವಿರ ಜನ, ಒಂದು ಐಸ್ ಫ್ಯಾಕ್ಟರಿ, ಎರಡು ಹೈಸ್ಕೂಲು, ನಲವತ್ತು ಹಾಸಿಗೆಯ ಒಂದು ಆಸ್ಪತ್ರೆ. ದಡದಿಂದ ಕರೆಂಟಿನ ತಂತಿ ಬಂದಿಲ್ಲ; ಸಮುದ್ರದ ತಳದಲ್ಲಿ ಕೇಬಲ್ ಹಾಕಿಸುತ್ತೇವೆಂದು ಮಾತು ಕೊಟ್ಟ ಮೂರು ಸರಕಾರಗಳು ಬಂದು ಹೋದವು, ಕೇಬಲ್ ಬರಲಿಲ್ಲ. ಹಾಗಾಗಿ ದ್ವೀಪಕ್ಕೆಲ್ಲ ಇದೊಂದೇ ಕೇಂದ್ರ. ಅದರ ಎಂಜಿನುಗಳು ಗ್ಯಾಸಿನಲ್ಲೂ ಓಡುತ್ತವೆ, ಎಣ್ಣೆಯಲ್ಲೂ ಓಡುತ್ತವೆ. ಗ್ಯಾಸು ಹತ್ತು ದಿನಕ್ಕೊಮ್ಮೆ ಹಡಗಿನಲ್ಲಿ ಬರುತ್ತದೆ. ಮಳೆಗಾಲದಲ್ಲಿ ಹಡಗು ತಡವಾದರೆ ಎಂಜಿನುಗಳನ್ನು ಎಣ್ಣೆಗೆ ಬದಲಾಯಿಸಬೇಕು.

ಈ ಎಣ್ಣೆಯ ಸ್ವಭಾವ ವಿಚಿತ್ರ. ಬಿಸಿಯಿದ್ದರೆ ನೀರಿನ ಹಾಗೆ ಹರಿಯುತ್ತದೆ, ಆರಿದರೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಕೊಳವೆಯಲ್ಲೇ ಕೂತುಬಿಡುತ್ತದೆ. ಟ್ಯಾಂಕಿನಿಂದ ಎಂಜಿನ್ ಮನೆಗೆ ಬರುವ ಕೊಳವೆಯೋ, ಮುನ್ನೂರು ಮೀಟರ್ ಉದ್ದಕ್ಕೂ ಸಮುದ್ರದ ತಡೆಗೋಡೆಗೆ ಒರಗಿಕೊಂಡೇ ಸಾಗುತ್ತದೆ. ಅಲ್ಲಿ ಎಣ್ಣೆ ಎಂಬತ್ತು ಡಿಗ್ರಿಗಿಂತ ಕೆಳಗಿಳಿಯಬಾರದು. ಇಳಿದ ಹೊತ್ತಿನಲ್ಲಿ ಬದಲಾಯಿಸಲು ಹೋದರೆ ಎಂಜಿನು ಉಸಿರುಗಟ್ಟಿ ನಿಲ್ಲುತ್ತದೆ, ನಿಂತದ್ದನ್ನು ಮತ್ತೆ ಹೊರಡಿಸಲು ಅರ್ಧ ದಿನ ಬೇಕು. ಆಸ್ಪತ್ರೆಯ ಬ್ಯಾಟರಿ ಬಾಳುವುದು ಇಪ್ಪತ್ತು ನಿಮಿಷ. ಅದಕ್ಕೇ ಕೊಳವೆಯ ಬಿಸಿಯನ್ನು ಗಂಟೆಗೊಮ್ಮೆ ಹೋಗಿ ನೋಡಿ ಬರೆಯಬೇಕೆಂಬುದು ಮೊದಲಿನಿಂದ ಬಂದ ನಿಯಮ.

ಪಟ್ಟಿ ನೋಡಿದ ಜೊತೆಗಾರರು ನೇತ್ರಾವತಿಯನ್ನು ಸುತ್ತುವರಿದು ಸಿಹಿ ಕೊಡಿಸು ಎಂದು ದುಂಬಾಲು ಬಿದ್ದರು. ಅವಳು ನಕ್ಕಂತೆ ಮಾಡಿ ಕ್ಯಾಂಟೀನಿನಿಂದ ಮಿಠಾಯಿ ತರಿಸಿದಳು. ಇನಾಸ್ ತನ್ನ ಪಾಲನ್ನು ತಿಂದು, ಕೈ ಒರೆಸಿಕೊಂಡು, ರೇನ್‌ಕೋಟು ಹಾಕಿಕೊಂಡು ಹತ್ತು ಗಂಟೆಯ ರೀಡಿಂಗಿಗೆ ತಡೆಗೋಡೆಯ ಕಡೆ ಹೊರಟ. ಇಪ್ಪತ್ತು ವರ್ಷದಲ್ಲಿ ಎಂಥ ಮಳೆಯಿದ್ದರೂ ಒಂದು ರೀಡಿಂಗನ್ನೂ ಅವನು ಕೂತಲ್ಲಿ ಬರೆದವನಲ್ಲ. ಅದು ನೇತ್ರಾವತಿಗೆ ಗೊತ್ತಿತ್ತು. ಬಾಯಿಗೆ ಹಾಕಿಕೊಂಡ ಮಿಠಾಯಿ ಅವಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ದೊಡ್ಡಪ್ಪನಿಗೆ ಓದು ಕಲಿಸಿದವಳು ಅವಳ ಮಗಳೇ. ಇಂಚರ ಎಂಜಿನಿಯರಿಂಗ್ ಮುಗಿಸಿ, ಇದೇ ಕೆಲಸ ಬೇಕೆಂದು ಕೇಳಿ ಪಡೆದು ದ್ವೀಪಕ್ಕೆ ಮರಳಿದ್ದಳು. ಮುನ್ನೂರಕ್ಕೂ ಹೆಚ್ಚು ಲಾಗ್ ಬುಕ್ಕುಗಳನ್ನು ಒಂದೊಂದೇ ಪುಟ ತಿರುವಿ ಅವಳೇ ದೊಡ್ಡಪ್ಪನಿಗೆ ಉಣಿಸಿದ್ದಳು. ಆ ರಾತ್ರಿ ಊಟಕ್ಕೆ ಕೂತಾಗ ಅವಳ ಸಂತೋಷ ತಟ್ಟೆಯಿಂದ ಹೊರಚೆಲ್ಲುತ್ತಿತ್ತು. ಬಂಗಡೆ ಸಾರಿಗೆ ಅನ್ನ ಕಲಸುತ್ತ, ದೊಡ್ಡಪ್ಪ ಅಂಕ ಹಾಕುವ ಬಗೆಯನ್ನು ಅಪ್ಪನಿಗೆ ವಿವರಿಸಿದಳು. ಹಿಂದಿನ ಗಂಟೆಯದಕ್ಕೂ ಮುಂದಿನ ಗಂಟೆಯದಕ್ಕೂ ಹೊಂದುವ ರೀಡಿಂಗು ಒಳ್ಳೆಯ ರೀಡಿಂಗು. ಇದ್ದಕ್ಕಿದ್ದಂತೆ ಇಳಿದು ಏರುವಂಥದ್ದು ಅಜಾಗ್ರತೆಯದು. ಅಪ್ಪ ವಸಂತ ಪ್ಯಾಸೆಂಜರ್ ಲಾಂಚು ನಡೆಸುವ ತಾಂಡೇಲ. ಸಮುದ್ರ ಇದ್ದಕ್ಕಿದ್ದಂತೆಯೇ ಏರುವುದಲ್ಲವೇ ಎಂದು ಅವನು ಕೇಳಿದ. ಇಂಚರ ನಕ್ಕುಬಿಟ್ಟಳು.

"ಆಯಿ, ನಿನ್ನ ಪುಟ ನೋಡೂಕೆ ಎಷ್ಟು ಚೆಂದ ಅದೆ ಗೊತ್ತಾ," ಅಂದಳು. "ಎಂಬತ್ನಾಲ್ಕು, ಎಂಬತ್ತೈದು, ಎಂಬತ್ನಾಲ್ಕು. ಒಂದು ಗೀಟು ಹೊಡೆದ ಹಾಗೆ. ಯಾವ ರೀಡಿಂಗ್ ಖರೆ, ಯಾವುದು ಅಲ್ಲ ಅಂತ ಅನುಮಾನ ಬಂದ್ರೆ ದೊಡ್ಡಪ್ಪ ನಿನ್ನ ಪುಟಕ್ಕೇ ಹೋಗಿ ಕೇಳ್ತದೆ."

ನೇತ್ರಾವತಿ ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದಳು.

ಆ ಎಂಬತ್ತನಾಲ್ಕುಗಳ ಕತೆ ಇಷ್ಟು. ಕೇಂದ್ರ ಶುರುವಾದ ಮರುವರ್ಷ ಇಂಚರ ಹುಟ್ಟಿದಳು. ನಾಲ್ಕು ತಿಂಗಳ ರಜೆ ಮುಗಿಸಿ ನೇತ್ರಾವತಿ ಕೆಲಸಕ್ಕೆ ಬಂದದ್ದು ಒಂದು ಜನವರಿ ಹನ್ನೆರಡರಂದು. ಆಗ ಹೆಂಗಸರಿಗೆ ಒಂಬತ್ತರಿಂದ ಆರರ ಪಾಳಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಗೇಟಿನಾಚೆಯ ಕ್ವಾರ್ಟರ್ಸಿಗೆ ಓಡಿ ಮಗುವಿಗೆ ಹಾಲು ಕೊಟ್ಟು ಬಂದರೆ ಮೂರಕ್ಕೆ ಅದು ಮತ್ತೆ ಅಳುತ್ತಿತ್ತು. ಬಾಟಲಿ ತೋರಿಸಿದರೆ ಮುಖ ತಿರುಗಿಸುತ್ತಿತ್ತು. ಅತ್ತೆ ಚಮಚ, ಒಳಲೆ, ಜೇನು ಎಲ್ಲ ಮಾಡಿ ಸೋತು, ಕೊನೆಗೆ ಅಳುವ ಕೂಸನ್ನು ಎತ್ತಿಕೊಂಡು ಗೇಟಿನ ಹತ್ತಿರ ಬಂದು ನಿಂತಳು. ಅವತ್ತು ನೇತ್ರಾವತಿ ಮೂರಕ್ಕೆ ಹತ್ತು ನಿಮಿಷವಿರುವಾಗ ಯಾರಿಗೂ ಹೇಳದೆ ಮನೆಗೆ ಹೋದಳು, ಮೂರೂವರೆಗೆ ಬಂದಳು. ಎರಡು ಗಂಟೆಯ ರೀಡಿಂಗು ಎಂಬತ್ತನಾಲ್ಕು ಇತ್ತು. ನಾಲ್ಕಕ್ಕೆ ನೋಡಿದಾಗಲೂ ಎಂಬತ್ತನಾಲ್ಕೇ ಇತ್ತು. ಲಾಗ್ ಬುಕ್ಕಿನಲ್ಲಿ ನಡುವೆ ಖಾಲಿ ಉಳಿದ ಮೂರರ ಮನೆಯಲ್ಲಿ ಎಂಬತ್ತನಾಲ್ಕು ಎಂದು ಬರೆದಳು. ಮರುದಿನವೂ ಬರೆದಳು. ಹೀಗೆ ಎರಡು ವರ್ಷ ನಾಲ್ಕು ತಿಂಗಳು ಬರೆದಳು.

ಅಷ್ಟು ದಿನವೂ ಏನೂ ಆಗಲಿಲ್ಲವೇ ಎಂದರೆ, ಒಂದು ದಿನ ಆಯಿತು. ಆಗ ಗ್ಯಾಸಿನ ಹಡಗು ಇನ್ನೂ ಬರುತ್ತಿರಲಿಲ್ಲ, ಎಂಜಿನುಗಳು ದಿನವಿಡೀ ಎಣ್ಣೆಯನ್ನೇ ಕುಡಿಯುತ್ತಿದ್ದವು. ಜುಲೈಯ ಒಂದು ಮಧ್ಯಾಹ್ನ ಪಡುವಣ ಗಾಳಿ ಎದ್ದು, ತಡೆಗೋಡೆಯ ಮೇಲೆ ಹಾರಿದ ನೀರು ಕೊಳವೆಗೆ ಬಡಿದು, ಎಣ್ಣೆ ತಣ್ಣಗಾಗಿ ಒಂದು ಎಂಜಿನು ಕೆಮ್ಮಿತು. ದ್ವೀಪದ ದೀಪಗಳೆಲ್ಲ ಒಮ್ಮೆ ಮಂಕಾಗಿ ಮತ್ತೆ ಬೆಳಗಿದವು. ನೇತ್ರಾವತಿ ಎದೆಗೆ ಮಗುವನ್ನು ಒತ್ತಿಕೊಂಡು ಮನೆಯಲ್ಲಿ ಕೂತಿದ್ದಳು. ಓಡಿ ಬಂದು ನೋಡಿದರೆ ಎಣ್ಣೆ ಟ್ಯಾಂಕಿನ ಕಾವಲಿನ ಸುಕ್ರು ಗೌಡ ಕೊಳವೆಯ ಪಕ್ಕದ ಉಗಿಯ ವಾಲ್ವನ್ನು ತಿರುಗಿಸುತ್ತಿದ್ದ. ಎಣ್ಣೆಯ ಕೊಳವೆಗೆ ಜೊತೆಯಾಗಿ ಒಂದು ಸಪೂರ ಉಗಿ ಕೊಳವೆಯೂ ಹೋಗುತ್ತದೆ, ವಾಲ್ವ್ ತೆರೆದರೆ ಅದರ ಬಿಸಿ ಇದಕ್ಕೆ ತಾಗುತ್ತದೆ. ಸುಕ್ರು ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಅವಳ ಒದ್ದೆಯಾದ ರವಿಕೆಯನ್ನು ಕಂಡು ಮುಖವನ್ನು ಆಚೆ ತಿರುಗಿಸಿದ. ಅಂದಿನಿಂದ ಪಡುವಣ ಗಾಳಿ ಬೀಸಿದಾಗಲೆಲ್ಲ ಮೂರಕ್ಕೆ ಮೊದಲೇ ಬಂದು ವಾಲ್ವನ್ನು ಎರಡು ಸುತ್ತು ತೆರೆದು, ನಾಲ್ಕಕ್ಕೆ ಮುಚ್ಚಿ ಹೋಗುತ್ತಿದ್ದ. ನೇತ್ರಾವತಿಯ ಮಗು ದೊಡ್ಡದಾಗಿ ಶಾಲೆಗೆ ಹೋದ ಮೇಲೂ ಬಿಡಲಿಲ್ಲ. ನಿವೃತ್ತಿಯಾಗುವ ತನಕ ಅದು ಅವನ ಕೆಲಸವೇ ಆಯಿತು. ಲಾಗ್ ಬುಕ್ಕಿನಲ್ಲಿ ಆ ವಾಲ್ವಿಗೆ ಅಂಕಣ ಇರಲಿಲ್ಲ, ಆದ್ದರಿಂದ ಯಾರೂ ಬರೆಯಲಿಲ್ಲ.

ಇನಾಸನಂಥವರು ನಿಜವಾಗಿ ಹೋಗಿ ನೋಡಿದವರು. ಸುಕ್ರು ತಿರುಗಿಸುವ ಮೊದಲು ನೋಡಿದರೆ ಎಪ್ಪತ್ತು, ತಿರುಗಿಸಿದ ಮೇಲೆ ನೋಡಿದರೆ ಎಂಬತ್ತೆರಡು. ಕಂಡದ್ದನ್ನು ಕಂಡ ಹಾಗೆ ಬರೆದರು. ಇಪ್ಪತ್ತು ವರ್ಷಗಳಾದ ಮೇಲೆ ದೊಡ್ಡಪ್ಪ ಬಂದು ಅವರಿಗೆಲ್ಲ ಅಜಾಗ್ರತರೆಂದು ಹಣೆಪಟ್ಟಿ ಹಚ್ಚಿತು.

ಆಗಸ್ಟ್ ಮೊದಲ ವಾರ ಗ್ಯಾಸಿನ ಹಡಗು ಗಾಳಿಗೆ ಹೆದರಿ ದಡದಲ್ಲೇ ಉಳಿಯಿತು. ಶುಕ್ರವಾರ ಬೆಳಿಗ್ಗೆ ದೊಡ್ಡಪ್ಪ ಲೆಕ್ಕ ಹಾಕಿ, ಮಧ್ಯಾಹ್ನ ಮೂರೂ ಹದಿನೈದಕ್ಕೆ ಎಂಜಿನುಗಳನ್ನು ಎಣ್ಣೆಗೆ ಬದಲಾಯಿಸುವುದೆಂದು ತೀರ್ಮಾನಿಸಿತು. ಊರೆಲ್ಲ ಊಟ ಮಾಡಿ ಮಲಗುವ ಹೊತ್ತು, ಕರೆಂಟಿನ ಬಳಕೆ ಕಡಿಮೆ, ಅದಕ್ಕೆ. ಅಲ್ಲಿಯ ತನಕ ಬದಲಾವಣೆಯನ್ನು ಬೆಳಿಗ್ಗೆಯೇ ಮಾಡುವ ರೂಢಿಯಿತ್ತು. ಬೆಳಿಗ್ಗೆಯೇ ಏಕೆ ಎಂಬುದು ಯಾರಿಗೂ ನೆನಪಿರಲಿಲ್ಲ, ಕಾರಣ ಬರೆದಿಟ್ಟಿರಲೂ ಇಲ್ಲ.

ಪಾಳಿಯಲ್ಲಿದ್ದವರು ನೇತ್ರಾವತಿ ಮತ್ತು ಇನಾಸ್. ಎರಡೂವರೆಗೆ ಇನಾಸ್ ತಡೆಗೋಡೆಯಿಂದ ತೊಯ್ದುಕೊಂಡು ಬಂದು, ಕೊಳವೆ ಅರವತ್ತೆಂಟು ತೋರಿಸುತ್ತಿದೆ ಎಂದು ದೊಡ್ಡಪ್ಪನಿಗೆ ಆಕ್ಷೇಪಣೆ ಹಾಕಿದ. ಪರದೆಯ ಮೇಲೆ ಉತ್ತರ ತಕ್ಷಣ ಬಂತು. ಥರ್ಮಾಮೀಟರ್ ಕೆಟ್ಟಿರುವ ಸಂಭವ ಹೆಚ್ಚು. ನೇತ್ರಾವತಿ ಹರಿಕಂತ್ರ ಅವರ ಆರುನೂರಾ ನಲವತ್ತೊಂದು ರೀಡಿಂಗುಗಳ ಪ್ರಕಾರ ಮೂರು ಗಂಟೆಯ ಹೊತ್ತಿಗೆ ಈ ಕೊಳವೆ ಎಂಬತ್ತಮೂರರಿಂದ ಎಂಬತ್ತೈದರ ಒಳಗಿರುತ್ತದೆ. ಆಕ್ಷೇಪಣೆ ತಿರಸ್ಕರಿಸಲಾಗಿದೆ.

ಇನಾಸ್ ಪರದೆಯನ್ನು ನೋಡಿದ, ತನ್ನ ಬೆರಳುಗಳನ್ನು ನೋಡಿಕೊಂಡ.

"ನಾ ಮುಟ್ಟಿ ನೋಡ್ದೆ," ಅಂದ. "ಎರಡು ಎಣಿಸೂವಷ್ಟು ಹೊತ್ತು ಬೆರಳು ಇಡೂಕೆ ಬಂತು. ಬಿಸಿ ಇದ್ರೆ ಬರೂದಿಲ್ಲ. ಆದ್ರೆ ನೇತ್ರಕ್ಕ, ನೀವು ಬರೆದದ್ದು ಅಂದ್ರೆ ಸರಿಯೇ ಇರ್ಬೇಕು. ನನ್ನ ಬೆರಳಿಗೇ ಜೋಮು ಹಿಡಿದಿರ್ಬೇಕು."

ಇಪ್ಪತ್ತು ವರ್ಷ ಮಳೆಯಲ್ಲಿ ನೆನೆದವನು ತನ್ನ ಬೆರಳನ್ನೇ ನಂಬದ ಹಾಗಾಯಿತಲ್ಲ ಎಂದುಕೊಂಡಳು ನೇತ್ರಾವತಿ. ಅವತ್ತು ಶುಕ್ರವಾರ. ಮಂಗಳವಾರ ಮತ್ತು ಶುಕ್ರವಾರ ಎರಡರಿಂದ ಆರರ ತನಕ ಸುಕ್ರು ಗೌಡ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮೇಲಿರುತ್ತಾನೆಂಬುದು ಅವಳಿಗೆ ಗೊತ್ತಿತ್ತು. ಅವನ ಜೊತೆ ಇನ್ನೂ ನಾಲ್ವರು ಇರುತ್ತಾರೆ. ತಾನೇ ಒಂದು ಆಕ್ಷೇಪಣೆ ಹಾಕಬಹುದಿತ್ತು. ಆದರೆ ದೊಡ್ಡಪ್ಪ ಕಾರಣ ಕೇಳುತ್ತದೆ, ಕಾರಣವಿಲ್ಲದ ಆಕ್ಷೇಪಣೆಯನ್ನು ಅದು ಮುಟ್ಟುವುದಿಲ್ಲ. ಕಾರಣ ಬರೆದರೆ ಮಗಳು ಓದುತ್ತಾಳೆ. ನೇತ್ರಾವತಿ ರೇನ್‌ಕೋಟು ಎಳೆದುಕೊಂಡು, ನಾನೊಮ್ಮೆ ನೋಡಿ ಬರುತ್ತೇನೆಂದು ಇನಾಸನಿಗೆ ಹೇಳಿ ಹೊರಬಿದ್ದಳು.

ತಡೆಗೋಡೆಯ ಮೇಲೆ ನೀರು ಹಾರುತ್ತಿತ್ತು. ಉಗಿಯ ವಾಲ್ವಿಗೆ ತುಕ್ಕು ಹಿಡಿದಿತ್ತು, ಸುಕ್ರು ನಿವೃತ್ತನಾದ ಮೇಲಿನ ಎರಡು ವರ್ಷದಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ. ಎರಡೂ ಕೈ ಹಾಕಿ, ಮೈ ಭಾರವೆಲ್ಲ ಬಿಟ್ಟು ತಿರುಗಿಸಿದಳು. ಒಂದು ಸುತ್ತು ಬಂತು, ತಡೆದು ತಡೆದು ಎರಡನೆಯದೂ ಬಂತು. ಕೊಳವೆ ಟಿಕ್ ಟಿಕ್ ಎನ್ನುತ್ತ ಬಿಸಿಯಾಗತೊಡಗಿತು. ಮೂರೂ ಹತ್ತಕ್ಕೆ ಮುಳ್ಳು ಎಂಬತ್ತೊಂದಕ್ಕೆ ಬಂತು. ಮೂರೂ ಹದಿನೈದಕ್ಕೆ ಎಂಜಿನುಗಳ ಸದ್ದು ಒಂದಿಷ್ಟು ದಪ್ಪಗಾಗಿ, ಗ್ಯಾಸಿನಿಂದ ಎಣ್ಣೆಗೆ ಹೊರಳಿಕೊಂಡಿತು. ಊರಿನಲ್ಲಿ ಒಂದು ಫ್ಯಾನು ಕೂಡ ನಿಧಾನವಾಗಲಿಲ್ಲ. ಯಾರಿಗೂ ಏನೂ ಗೊತ್ತಾಗಲಿಲ್ಲ. ಪಾರಾದೆ ಎಂದುಕೊಂಡು ಅವಳು ಉಸಿರು ಬಿಟ್ಟಳು.

ಪಾರಾಗಿರಲಿಲ್ಲ. ಕಂಡದ್ದೆಲ್ಲವನ್ನೂ ಪಾಠವಾಗಿ ಕಲಿಯುವುದು ದೊಡ್ಡಪ್ಪನ ಹುಟ್ಟುಗುಣ. ಸೋಮವಾರ ಅದರ ವರದಿ ಬಂತು. ಥರ್ಮಾಮೀಟರ್ ಅರವತ್ತೆಂಟು ತೋರಿಸಿದಾಗಲೂ ಬದಲಾವಣೆ ಸುಗಮವಾಗಿ ನಡೆದಿದೆ, ಆದ್ದರಿಂದ ಅದು ಕೆಟ್ಟಿರುವುದು ಖಚಿತ. ಇನ್ನು ಮುಂದೆ ಎಣ್ಣೆಗೆ ಬದಲಾಯಿಸುವುದೆಲ್ಲ ಮೂರೂ ಹದಿನೈದಕ್ಕೇ. ತಡೆಗೋಡೆಯ ಉಗಿ ಕೊಳವೆಯನ್ನು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಬಳಸಿದ ದಾಖಲೆಯಿಲ್ಲ, ಅದನ್ನು ಕತ್ತರಿಸಿ ತೆಗೆಯಬಹುದು. ಸೂಪರಿಂಟೆಂಡೆಂಟರು ಒಪ್ಪಿ ಸಹಿ ಹಾಕಿದರು. ಕೊಳವೆ ಕತ್ತರಿಸುವವರು ಗುರುವಾರದ ಲಾಂಚಿನಲ್ಲಿ ಬರುವುದೆಂದಾಯಿತು. ಆ ಸಂಜೆ ಇಂಚರ ಮನೆಗೆ ಬಂದವಳೇ ಅಮ್ಮನ ಎರಡೂ ಭುಜ ಹಿಡಿದು ಕುಣಿಸಿದಳು. ಬೇರೆ ಹನ್ನೊಂದು ದ್ವೀಪಗಳ ಕೇಂದ್ರಗಳಿಗೂ ದೊಡ್ಡಪ್ಪನನ್ನು ಇದೇ ರೀತಿ ಕಲಿಸಿ ಕಳಿಸಲು ದಡದಿಂದ ಅವಳಿಗೆ ಹೇಳಿಕಳಿಸಿದ್ದರು.

ಮಂಗಳವಾರ ನೇತ್ರಾವತಿ ರಜೆ ಹಾಕಿ ಆಸ್ಪತ್ರೆಗೆ ಹೋದಳು. ಸುಕ್ರು ಗೌಡ ಎಡಗೈಯನ್ನು ಯಂತ್ರಕ್ಕೆ ಕೊಟ್ಟು, ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದ. ಅರವತ್ತು ದಾಟಿದ ಮೈ ಇಷ್ಟೇ ಇಷ್ಟಾಗಿತ್ತು, ಕೈಗಳು ಮಾತ್ರ ಮೊದಲಿನಷ್ಟೇ ದೊಡ್ಡವಾಗಿದ್ದವು. ಅವಳು ಸ್ಟೂಲೆಳೆದು ಕೂತು, ಪಟ್ಟಿಯಿಂದ ಹಿಡಿದು ಗುರುವಾರದ ಲಾಂಚಿನ ತನಕ ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಅಷ್ಟು ವರ್ಷ ವಾಲ್ವ್ ತಿರುಗಿಸಿದವನು ಒಮ್ಮೆಯಾದರೂ ಬರೆಸಬಾರದಿತ್ತೇ ಎಂದು ಕೇಳಿದಳು.

"ಬರಿಯೂಕೆ ನಂಗೆ ಪುಸ್ತಕ ಕೊಟ್ಟವ್ರು ಯಾರು, ತಂಗೀ? ಪೆನ್ನು ನಿಮ್ಮ ಕೈಲಿ, ವಾಲ್ವು ನಮ್ಮ ಕೈಲಿ," ಎಂದು ಸುಕ್ರು ನಕ್ಕ. ಆಮೇಲೆ ದನಿ ತಗ್ಗಿಸಿ ಹೇಳಿದ, "ಶುಕ್ರವಾರ ನಾ ಇಲ್ಲೇ ಬಿದ್ಕಂಡಿದ್ದೆ. ಕಿಟಕಿಲಿ ನೋಡ್ತೆ, ತೆಂಗಿನ ಗರಿ ಎಲ್ಲಾ ಮೂಡಲಕ್ಕೆ ತಿರುಗ್ದು. ಮೂರು ಆಗೂಕೆ ಬಂತು. ಈ ಕೈ ತನ್ನಷ್ಟಕ್ಕೆ ಎರಡು ಸುತ್ತು ತಿರುಗ್ತು. ಏನಾಯ್ತು ಅಜ್ಜಾ ಅಂತ ನರ್ಸ್ ಬಾಯಿ ಓಡಿ ಬಂತು."

ನೇತ್ರಾವತಿಗೆ ನಗು ಬಂತು, ನಗುವಿನ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಅವತ್ತು ಕರೆಂಟು ಹೋಗಿದ್ದರೆ ಏನು ಗತಿಯಾಗುತ್ತಿತ್ತು ಎಂದಳು.

"ಹೋಗ್ಲಿಲ್ಲ ಅಲ್ಲ. ನೀ ತಿರುಗಿಸ್ದೆ," ಅಂದ ಸುಕ್ರು. "ನೀ ಇಲ್ಲದ ದಿನ ಯಾರು ತಿರುಗಿಸ್ತಾರೆ? ಅದೊಂದು ಹೇಳು."

ಯಂತ್ರದ ಚಕ್ರ ಅವನ ರಕ್ತವನ್ನು ತೊಳೆದು ತೊಳೆದು ಒಳಗೆ ಬಿಡುತ್ತಿತ್ತು. ಅದರ ಹಸಿರು ದೀಪವನ್ನೊಮ್ಮೆ ನೋಡಿ ಅವಳು ಸ್ಟೂಲಿನಿಂದ ಎದ್ದಳು.

ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಂಟ್ರೋಲ್ ರೂಮಿನಲ್ಲಿ ಅವಳೂ ಇನಾಸನೂ ಇಬ್ಬರೇ ಇದ್ದರು. ಅವಳು ದೊಡ್ಡಪ್ಪನ ಮುಂದೆ ಕೂತು, ರೀಡಿಂಗ್ ತಿದ್ದುವ ಪುಟ ತೆರೆದು ಒಂದೊಂದೇ ಅಕ್ಷರ ಒತ್ತಿ ಬರೆದಳು. ಮೂರು ಗಂಟೆಯ ನನ್ನ ರೀಡಿಂಗುಗಳು ನೋಡಿ ಬರೆದವಲ್ಲ. ಯಾವ ದಿನಗಳವು ಎಂದು ದೊಡ್ಡಪ್ಪ ಕೇಳಿತು. ಜನವರಿ ಹನ್ನೆರಡರಿಂದ ಹಿಡಿದು ಎರಡು ವರ್ಷ ನಾಲ್ಕು ತಿಂಗಳನ್ನು ಗುರುತು ಹಾಕಿದಳು. ಕಾರಣ ಎಂದು ಕೇಳಿತು. ಖಾಲಿ ಬಿಟ್ಟು ನೋಡಿದಳು, ಅದು ಒಪ್ಪಲಿಲ್ಲ. ಆಪರೇಟರ್ ಸ್ಥಳದಲ್ಲಿರಲಿಲ್ಲ ಎಂದು ಬರೆದಳು. ಒಪ್ಪಿಕೊಂಡಿತು. ಕೆಳಗೆ ಇನ್ನೂ ಎರಡು ಸಾಲು ಸೇರಿಸಿದಳು. ಪಡುವಣ ಗಾಳಿಯ ದಿನ ಕೊಳವೆ ಆರುತ್ತದೆ. ಹೋದ ಶುಕ್ರವಾರ ಎರಡೂ ನಲವತ್ತಕ್ಕೆ ಉಗಿಯ ವಾಲ್ವನ್ನು ನಾನು ಎರಡು ಸುತ್ತು ತೆರೆದಿದ್ದೆ.

ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ದೊಡ್ಡಪ್ಪ ಇಪ್ಪತ್ತಾರು ವರ್ಷವನ್ನು ಮತ್ತೊಮ್ಮೆ ಯೋಚಿಸಿ ಮುಗಿಸಿತು. ಪರದೆಯಲ್ಲಿ ತಡೆಗೋಡೆಯ ಥರ್ಮಾಮೀಟರಿನ ಮುಂದೆ ಕೆಟ್ಟಿದೆ ಎಂದು ಹಾಕಿದ್ದ ಕೆಂಪು ಗುರುತು ಅಳಿಸಿ ಹೋಯಿತು. ಮೂರೂ ಹದಿನೈದರ ತೀರ್ಮಾನ ರದ್ದಾಯಿತು. ಕೊಳವೆ ಕತ್ತರಿಸುವ ಕೆಲಸಕ್ಕೆ ತಡೆ ಬಿತ್ತು. ಇನಾಸ್ ಹಿಂದಿನಿಂದ ಬಂದು ಎಲ್ಲ ಓದಿದ. ಹೋಗಿ ತನ್ನ ಕುರ್ಚಿಯಲ್ಲಿ ಕೂತು, ಬಲಗೈಯ ಬೆರಳುಗಳನ್ನು ಎಡಗೈಯಿಂದ ನಿಧಾನವಾಗಿ ತಿಕ್ಕಿಕೊಂಡ.

ಹಿಂದಿನ ಕೋಣೆಯಿಂದ ಇಂಚರ ಓಡಿ ಬಂದಳು. ಅವಳ ಫೋನು ಒಂದೇ ಸಮನೆ ಕೂಗುತ್ತಿತ್ತು.

"ಆಯಿ, ಇದು ನೀ ಬರೆದದ್ದಾ, ಕೈತಪ್ಪಿ ಆದದ್ದಾ?"

"ನಾನೇ ಬರೆದೆ."

"ಆರ್ನೂರಾ ನಲವತ್ತೊಂದು ಸಲ ನೋಡದೇ ಬರೆದ್ಯಾ?"

"ಹೌದು."

"ಇಡೀ ದೊಡ್ಡಪ್ಪನ್ನ ನಿನ್ನ ಪುಟದ ಮೇಲೆ ನಿಲ್ಸಿದ್ದೆ ನಾನು," ಎಂದಳು ಇಂಚರ. ಅವಳ ದನಿ ಏರಲಿಲ್ಲ. "ಬೇರೆ ಯಾರೇ ಆಗಿದ್ರೂ ಒಮ್ಮೆ ಪರೀಕ್ಷೆ ಮಾಡ್ತಿದ್ದೆ. ನಿಂದು ಅಂತ ಮಾಡ್ಲಿಲ್ಲ. ಎಲ್ಲಿಗೆ ಹೋಗ್ತಿದ್ದೆ ನೀನು, ದಿನಾ ಮೂರಕ್ಕೆ?"

"ಮನೆಗೆ."

ಇಂಚರ ಪರದೆಯ ಮೇಲಿನ ತಾರೀಕನ್ನು ನೋಡಿದಳು. ಜನವರಿ ಹನ್ನೆರಡು. ಬೆರಳು ಮಡಿಸಿ ಹಿಂದಕ್ಕೆ ಎಣಿಸಿದಳು. ಎಣಿಸಿ ಮುಗಿಸಿದವಳು ಸ್ವಲ್ಪ ಹೊತ್ತು ಬೆರಳುಗಳನ್ನು ಬಿಚ್ಚಲೇ ಇಲ್ಲ.

"ಬಾಟಲಿ ತೋರಿಸಿದ್ರೆ ಮುಖ ತಿರುಗಿಸ್ತಿದ್ದೆ ನೀನು," ಎಂದಳು ನೇತ್ರಾವತಿ.

"ಅದನ್ನ ನನ್ನ ತಲೆಗೆ ಕಟ್ಬೇಡ ಆಯಿ."

"ಕಟ್ಟೂದಿಲ್ಲ ತಂಗೀ. ಎಲ್ಲಿಗೆ ಅಂತ ಕೇಳ್ದೆ ನೀನು. ಹೇಳ್ದೆ, ಅಷ್ಟೇ. ಬರೆದ ಕೈ ನಂದು."

ಇಂಚರ ಬಂದ ಹಾಗೇ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುಂದಿನ ಎರಡು ದಿನ ಮನೆಯಲ್ಲಿ ಊಟಕ್ಕೆ ಬಾ, ಛತ್ರಿ ತಗೋ ಎನ್ನುವಷ್ಟಕ್ಕೇ ಮಾತು ನಿಂತಿತು. ಇಬ್ಬರು ಹೆಂಗಸರು ಮಾತು ಬಿಟ್ಟ ಮನೆಗಿಂತ ಮಳೆಗಾಲದ ಸಮುದ್ರವೇ ವಾಸಿ ಎನ್ನುತ್ತ ವಸಂತ ಲಾಂಚಿನ ಕಡೆಗೆ ಬೇಗ ಬೇಗ ಹೊರಟುಹೋಗುತ್ತಿದ್ದ. ಸೂಪರಿಂಟೆಂಡೆಂಟರು ನೇತ್ರಾವತಿಗೆ ಒಂದು ಮೆಮೊ ಕೊಟ್ಟು ಏಳು ದಿನದೊಳಗೆ ಉತ್ತರ ಕೇಳಿದರು. ಹನ್ನೊಂದು ದ್ವೀಪಗಳ ಕೆಲಸವನ್ನು ಮುಂದಿನ ವರ್ಷದ ತನಕ ಮುಂದೂಡಿದರು. ಆ ಕಾಗದ ಬಂದ ದಿನ ಇಂಚರ ಅಡುಗೆಮನೆಯ ಕಿಟಕಿಯಲ್ಲಿ ಬೆನ್ನು ಹಾಕಿ ನಿಂತುಬಿಟ್ಟಳು. ತಾನು ಬಾಯಿ ಮುಚ್ಚಿಕೊಂಡು, ಗುರುವಾರ ಕೊಳವೆ ಕತ್ತರಿಸಲು ಬಿಟ್ಟಿದ್ದರೆ ಈ ಹುಡುಗಿಯ ಮುಖ ಈಗ ನಗುತ್ತಿರುತ್ತಿತ್ತಲ್ಲ ಎಂದು ನೇತ್ರಾವತಿಗೆ ಅನಿಸದೆ ಇರಲಿಲ್ಲ. ಹಾಗೆ ಅನಿಸಿದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು.

ಶುಕ್ರವಾರ ಮಧ್ಯಾಹ್ನ ಇಂಚರ ಯಾರಿಗೂ ಹೇಳದೆ ಒಂದು ನೋಟ್‌ಬುಕ್ ಹಿಡಿದು ಆಸ್ಪತ್ರೆಗೆ ಹೋದಳು. ಸುಕ್ರು ಗೌಡನ ಪಕ್ಕದಲ್ಲಿ ನಾಲ್ಕು ತಾಸು ಕೂತಳು. ಯಾವ ಗಾಳಿಗೆ ಎಷ್ಟು ಸುತ್ತು, ಯಾವ ತಿಂಗಳಲ್ಲಿ ಎಷ್ಟು ಹೊತ್ತಿಗೆ, ಎಂಜಿನು ಕೆಮ್ಮುವ ಮೊದಲು ಪಂಪು ಹೇಗೆ ಸದ್ದು ಮಾಡುತ್ತದೆ ಎಂದೆಲ್ಲ ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಳು. ಎರಡು ಸುತ್ತೋ ಎರಡೂವರೆಯೋ ಎಂದು ಅನುಮಾನ ಬಂದಾಗ ಸುಕ್ರು ಕಣ್ಣು ಮುಚ್ಚಿ ಬಲಗೈಯನ್ನು ಗಾಳಿಯಲ್ಲಿ ತಿರುಗಿಸಿ ನೋಡಿ ಹೇಳಿದನಂತೆ. ಮೂವತ್ತೆರಡು ಪುಟವಾಯಿತು.

ಸೋಮವಾರ ನೋಟಿಸ್ ಬೋರ್ಡಿನಲ್ಲಿ ಹೊಸ ಪಟ್ಟಿ ಬಂತು. ಇನಾಸ್ ಫರ್ನಾಂಡಿಸ್ ತೊಂಬತ್ತೇಳು. ನೇತ್ರಾವತಿ ಹರಿಕಂತ್ರ ನಲವತ್ತಾರು. ಎಲ್ಲಕ್ಕಿಂತ ಮೇಲೆ, ಲಾಗ್ ಬುಕ್ಕಿನಲ್ಲಿ ಒಂದಕ್ಷರವೂ ಬರೆಯದಿದ್ದ ಸುಕ್ರು ಗೌಡನ ಹೆಸರಿತ್ತು, ಅದರ ಮುಂದೆ ಅಂಕದ ಬದಲು ಕೈಕೆಲಸ ಎಂದು ಬರೆದಿತ್ತು. ಅದು ದೊಡ್ಡಪ್ಪನಲ್ಲಿ ಇಂಚರ ಹೊಸದಾಗಿ ಸೇರಿಸಿದ ಅಂಕಣ. ಜೊತೆಗಾರರು ಈಗ ಇನಾಸನ ಬೆನ್ನು ಹತ್ತಿದರು. ಅವನು ತರಿಸಿದ ಮಿಠಾಯಿಯಲ್ಲಿ ಮೊದಲನೆಯದನ್ನು ನೇತ್ರಾವತಿಯ ಮೇಜಿನ ಮೇಲಿಟ್ಟು, ತಿನ್ನಿ ನೇತ್ರಕ್ಕ ಎಂದ. ಅವಳು ಅವನ ಮುಖ ನೋಡಲಾರದೆ ತಿಂದಳು. ಈ ಸಲದ್ದು ಇಳಿಯಿತು.

ಮಧ್ಯಾಹ್ನ ಪಾಳಿಯಲ್ಲಿ ಅವಳು ಮೆಮೊಗೆ ಉತ್ತರ ಬರೆಯಲು ಬೇಕೆಂದು ತನ್ನ ಹಳೆಯ ಪುಟಗಳನ್ನು ದೊಡ್ಡಪ್ಪನ ಪರದೆಯಲ್ಲಿ ತೆರೆದಳು. ಮೂರು ಗಂಟೆಯ ಸಾಲಿನ ಎಂಬತ್ತನಾಲ್ಕುಗಳೆಲ್ಲ ಹೋಗಿದ್ದವು. ಆ ಮನೆಗಳು ಖಾಲಿಯಿದ್ದವು. ಖಾಲಿಗೂ ಕಾರಣ ಬೇಕಲ್ಲ, ಬೆರಳಿಟ್ಟರೆ ಕಾಣುತ್ತದೆ. ಜನವರಿ ಹನ್ನೆರಡರ ಮೇಲೆ ಬೆರಳಿಟ್ಟಳು. ಆಪರೇಟರ್ ಸ್ಥಳದಲ್ಲಿರಲಿಲ್ಲ ಎಂದು ಅವಳು ಬರೆದದ್ದು ಹಾಗೇ ಇತ್ತು. ಅದರ ಕೆಳಗೆ ಇನ್ನೊಂದು ಸಾಲು ಬಂದಿತ್ತು, ತಿದ್ದಿದವರು ಇಂಚರ ವಸಂತ ಹರಿಕಂತ್ರ ಎಂದಿತ್ತು. ಮಗು ಹಾಲು ಕುಡಿಯುತ್ತಿತ್ತು. ಹದಿಮೂರರ ಮೇಲೆ ಬೆರಳಿಟ್ಟಳು. ಮಗು ಹಾಲು ಕುಡಿಯುತ್ತಿತ್ತು. ಮುಂದಿನ ವರ್ಷದ ಪುಟಕ್ಕೆ ಹೋಗಿ ನಡುವೆ ಎಲ್ಲೋ ಒಂದು ಕಡೆ ಇಟ್ಟಳು. ಅಲ್ಲೂ ಅದೇ ಇತ್ತು. ಆರುನೂರಾ ನಲವತ್ತೊಂದು ಮನೆಗಳಲ್ಲೂ ಮಗಳು ಅದನ್ನೇ ಬರೆದಿದ್ದಾಳೆಂದು ಗೊತ್ತಾದ ಮೇಲೆ ಅವಳಿಗೆ ಮುಂದೆ ನೋಡಲಾಗಲಿಲ್ಲ, ಪರದೆ ಮಸುಕಾಯಿತು. ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಇಂಚರ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದಳು.

"ಆಯಿ," ಎಂದು ತಲೆಯೆತ್ತದೆ ಕರೆದಳು. "ಮೂರಕ್ಕೆ ಐದು ನಿಮಿಷ ಅದೆ."

ನೇತ್ರಾವತಿ ಕಣ್ಣೊರೆಸಿಕೊಂಡು ಎದ್ದು ರೇನ್‌ಕೋಟು ಹಾಕಿಕೊಂಡಳು. ಹೊರಗೆ ಪಡುವಣ ಗಾಳಿ ಬೀಸುತ್ತಿತ್ತು. ತಡೆಗೋಡೆಯ ಉದ್ದಕ್ಕೂ ನಡೆದು, ಥರ್ಮಾಮೀಟರಿನ ಗಾಜಿನ ಮೇಲಿನ ನೀರನ್ನು ತೋಳಿನಿಂದ ಒರೆಸಿ ನೋಡಿದಳು. ಎಪ್ಪತ್ತಾರು ಇತ್ತು. ಮತ್ತೊಮ್ಮೆ ಒರೆಸಿ, ಮತ್ತೊಮ್ಮೆ ನೋಡಿದಳು. ಎಪ್ಪತ್ತಾರೇ ಇತ್ತು. ಉಗಿಯ ವಾಲ್ವನ್ನು ಎರಡು ಸುತ್ತು ತಿರುಗಿಸಿ, ಜೇಬಿನಿಂದ ಪುಸ್ತಕ ತೆಗೆದು, ಮಳೆ ತಾಗದಂತೆ ಎದೆಗೆ ಒತ್ತಿ ಹಿಡಿದು, ಮೂರು ಗಂಟೆಯ ಮುಂದೆ ಎಪ್ಪತ್ತಾರು ಎಂದು ಬರೆದಳು.